ಹಳೇ ಪಿ35 ಬೋರ್ಡ್‌ನಲ್ಲಿ ಕ್ಯೂ6600 ಪ್ರೊಸೆಸರ್ ಅನ್ನು 3 ಗಿಗಾಹರ್ಟ್ಸ್‌ಗೆ ಏರಿಸಿದ್ದು

ಹಳೇ ಮದರ್‌ಬೋರ್ಡ್ ಓವರ್‌ಕ್ಲಾಕ್ ಮಾಡುವಾಗ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವಾಗ, ಎಲ್ಲರೂ ಮೊದಲು ಕೇಳುವುದು ಎಷ್ಟರವರೆಗೆ ಏರುತ್ತದೆ ಅಂತ. ನಾನು ಲೆಕ್ಕ ಶುರು ಮಾಡುವುದು ಬೇರೆ ಕಡೆಯಿಂದ: ಬೋರ್ಡನ್ನೂ ರ‍್ಯಾಮನ್ನೂ ಅವುಗಳ ಮಿತಿಯೊಳಗೇ ಇಟ್ಟು, ಪ್ರೊಸೆಸರ್ ಒಂದನ್ನೇ ಏರಿಸಲು ಸಾಧ್ಯವೇ? ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ಮತ್ತು ಪಿ35 ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಬೆಸೆಯುವ ಬೋರ್ಡಿನ ಚಿಪ್‌ಗಳು) ಜೋಡಿಯಲ್ಲಿ ಇದು ಸಲೀಸಾಗಿ ಆಗುತ್ತದೆ.

ಕ್ಯೂ6600 ಓಡುವುದು 266 ಮೆಗಾಹರ್ಟ್ಸ್ ಎಫ್‌ಎಸ್‌ಬಿ (ಪ್ರೊಸೆಸರ್ ಮತ್ತು ಚಿಪ್‌ಸೆಟ್ ನಡುವಿನ ಬಸ್), 9ರ ಮಲ್ಟಿಪ್ಲೈಯರ್ (ಆ ಬಸ್ ವೇಗವನ್ನು ಗುಣಿಸುವ ಸಂಖ್ಯೆ), ಗುಣಿಸಿದರೆ 2.4 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ ಇಳಿಸಬಹುದು, 9ರಿಂದ ಮೇಲಕ್ಕೆ ಹೋಗುವುದಿಲ್ಲ. ಹಾಗಾಗಿ ವೇಗ ಬೇಕೆಂದರೆ ಎಫ್‌ಎಸ್‌ಬಿ ಏರಿಸುವುದೊಂದೇ ದಾರಿ. ಪಿ35 ಅಧಿಕೃತವಾಗಿಯೇ 333ಕ್ಕೆ, ಅಂದರೆ ಪೆಟ್ಟಿಗೆ ಮೇಲೆ ನಾಲ್ಕು ಪಟ್ಟು ಮಾಡಿ ಬರೆಯುವ 1333ಕ್ಕೆ, ಮಾಡಿದ ಚಿಪ್‌ಸೆಟ್. 333 ಗುಣಿಸು 9 ಅಂದರೆ 3.0. ಆ ವೇಗದಲ್ಲಿ ನಾರ್ತ್‌ಬ್ರಿಡ್ಜ್ (ಚಿಪ್‌ಸೆಟ್‌ನ ಮುಖ್ಯ ಚಿಪ್) ತನ್ನ ಮಾಮೂಲಿ ಕೆಲಸವನ್ನೇ ಮಾಡುತ್ತಿರುತ್ತದೆ. ಮಿತಿ ಮೀರಿ ಓಡುವುದು ಪ್ರೊಸೆಸರ್ ಮಾತ್ರ.

ನನ್ನ ಬೋರ್ಡ್ ಗಿಗಾಬೈಟ್ ಜಿಎ-ಪಿ35-ಡಿಎಸ್3ಎಲ್, ಜೊತೆಗೆ 2 ಜಿಬಿಯ ಎರಡು ಡಿಡಿಆರ್2-800 ರ‍್ಯಾಮ್ ಕಡ್ಡಿಗಳು. ಪ್ರೊಸೆಸರ್ ಜಿ0 ಸ್ಟೆಪಿಂಗ್‌ನದು, ಅಂದರೆ ಅದೇ ಚಿಪ್‌ನ ಹೊಸ ಆವೃತ್ತಿ. ಇದನ್ನು ಮೊದಲೇ ನೋಡಿಕೊಳ್ಳಿ: ಪ್ರೊಸೆಸರಿನ ಲೋಹದ ಮುಚ್ಚಳದ ಮೇಲೆ ಎಸ್‌ಎಲ್‌ಎಸಿಆರ್ ಅಂತಿದ್ದರೆ ಜಿ0, ಎಸ್‌ಎಲ್‌9ಯುಎಂ ಅಂತಿದ್ದರೆ ಹಳೆಯ ಬಿ3. ಸಿಪಿಯು-ಝಡ್ ತಂತ್ರಾಂಶದಲ್ಲಿ ರಿವಿಷನ್ ಎಂಬಲ್ಲೂ ಕಾಣುತ್ತದೆ. ಬಿ3ಯ ಟಿಡಿಪಿ (ಕೂಲರ್ ಹೊರಹಾಕಬೇಕಾದ ಬಿಸಿಯ ಲೆಕ್ಕ) 105 ವ್ಯಾಟ್, ಜಿ0ಯದು 95. ಮುಚ್ಚಳದ ಮೇಲಿನ ತಾಪಮಾನದ ಮಿತಿಯೂ ಬಿ3ಗೆ 62.2 ಡಿಗ್ರಿ, ಜಿ0ಗೆ 71. ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಕಡೆ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಈ ಅಕ್ಷರಗಳನ್ನು ಓದಿಯೇ ದುಡ್ಡು ಕೊಡಬೇಕು. ಬೋರ್ಡ್ ಕೊಳ್ಳುವಾಗ ಸಾಕೆಟ್ ಮುಚ್ಚಳ ತೆಗೆಸಿ, ಟಾರ್ಚ್ ಹಿಡಿದು ಓರೆಯಾಗಿ ನೋಡಿ. 775 ಸಾಕೆಟ್‌ನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಿ. ಒಂದು ಬಾಗಿದ್ದರೂ ಬೆಳಕು ಅಲ್ಲಿ ಬೇರೆ ಥರ ಹೊಳೆಯುತ್ತದೆ.

ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟಗಳಿಗೆ) ಕೈ ಹಾಕುವ ಮುಂಚೆ ಕಬ್ಬಿಣದ ಕೆಲಸ ಮುಗಿಸಬೇಕು. ಸಾಕೆಟ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಕಲೆ ಇದೆಯೇ ನೋಡಿ. ಉಬ್ಬಿದ್ದರೆ ಓವರ್‌ಕ್ಲಾಕ್ ವಿಚಾರವೇ ಬೇಡ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿಯ ಲೋ-ಇಎಸ್‌ಆರ್ (ಒಳ ಪ್ರತಿರೋಧ ಕಡಿಮೆ ಇರುವ) ಕೆಪಾಸಿಟರ್ ಬೆಸುಗೆ ಹಾಕಿಸಿದ ಮೇಲೆ ಮುಂದಿನ ಮಾತು. ಸಿಆರ್2032 ಸೆಲ್ ಬದಲಿಸಿಬಿಡಿ, ಅದಕ್ಕೆ ಯೋಚನೆ ಬೇಡ.

ಕೂಲರ್ ತೆಗೆಯುವಾಗ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ವೈರ್ ಕಿತ್ತು, ಆಮೇಲೆ ತಿರುಚಿ ಎತ್ತಿ. ಒಣಗಿದ ಪೇಸ್ಟ್ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡೂ ಮೈ ಒರೆಸಿ. ಕ್ಯೂ6600ರ ಮುಚ್ಚಳದಡಿ ಎರಡು ಚಿಪ್ ಪಕ್ಕಪಕ್ಕ ಕೂತಿರುವುದರಿಂದ ನಡುವೆ ಚುಕ್ಕೆ ಇಡುವ ಬದಲು ಎರಡು ಅಕ್ಕಿಕಾಳು ಸಾಲಾಗಿಟ್ಟಷ್ಟು ಪೇಸ್ಟಿನ ಗೆರೆ ಎಳೆಯುವುದು ಒಳ್ಳೆಯದು. ಇಂಟೆಲ್‌ನ ನಾಲ್ಕು ಪುಶ್‌ಪಿನ್ ಕೂಲರ್ ಆದರೆ ಎದುರುಬದುರಿನ ಮೂಲೆಗಳನ್ನು ಜೋಡಿಯಾಗಿ ಒತ್ತಿ, ಬೋರ್ಡ್ ಹಿಂಬದಿ ತಿರುಗಿಸಿ ನೋಡಿ: ಬಿಳಿ ಕಾಲುಗಳ ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದು, ಕಾಲುಗಳು ಅಗಲವಾಗಿರಬೇಕು. ನಾಲ್ಕರಲ್ಲಿ ಒಂದು ಅರೆಬರೆ ಕೂತರೂ ನಾಲ್ಕು ಕೋರ್‌ಗಳ ಬಿಸಿ ಒಂದೊಂದು ಥರ ತೋರಿಸುತ್ತದೆ. ನಾನು ಬಳಸಿದ್ದು ಹಿಂದೆ ಪ್ಲೇಟ್ ಇಟ್ಟು ಸ್ಕ್ರೂ ಬಿಗಿಯುವ ಟವರ್ ಕೂಲರ್. ಕ್ವಾಡ್‌ಗೆ ಪುಶ್‌ಪಿನ್ ನೆಚ್ಚಿಕೊಳ್ಳುವುದು ನನಗೆ ಸರಿಬರುವುದಿಲ್ಲ.

ಇನ್ನು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಬ್ಬಿ. ಡಬ್ಬಿ ಮೇಲೆ ದೊಡ್ಡದಾಗಿ ಬರೆದ 450 ವ್ಯಾಟ್ ನಂಬಬೇಡಿ, ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಓದಿ. 3.0ಯಲ್ಲಿ ಪ್ರೊಸೆಸರ್ ಸುಮಾರು 120 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಂಡರೆ, ಬೋರ್ಡಿನ ವೋಲ್ಟೇಜ್ ಸರ್ಕ್ಯೂಟ್‌ನ ನಷ್ಟವೂ ಸೇರಿ 12 ವೋಲ್ಟ್‌ನಲ್ಲಿ 12 ಆಂಪಿಯರ್ ಹತ್ತಿರ ಬರುತ್ತದೆ. ಅಷ್ಟೂ ಹೋಗುವುದು ಪ್ರೊಸೆಸರ್ ಪಕ್ಕದ ಆ ಚಿಕ್ಕ 4 ಪಿನ್ ಕನೆಕ್ಟರ್‌ನ ಎರಡು ಹಳದಿ ವೈರ್‌ಗಳಲ್ಲಿ. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಬೇರೆ. ಲೇಬಲ್‌ನಲ್ಲಿ 12 ವೋಲ್ಟ್‌ಗೆ 14 ಆಂಪಿಯರ್ ಅಂತಿರುವ ಅಗ್ಗದ ಡಬ್ಬಿ ಸಾಲದು, 25ರ ಮೇಲಿರಲಿ. ಲೋಡ್ ಕೊಟ್ಟಾಗ ಮಲ್ಟಿಮೀಟರ್‌ನಲ್ಲಿ ಹಳದಿ-ಕಪ್ಪು ನಡುವೆ 11.4 ವೋಲ್ಟ್‌ಗಿಂತ ಕೆಳಗೆ ಬರಬಾರದು. ಕನೆಕ್ಟರ್ ಪ್ಲಾಸ್ಟಿಕ್ ಕಂದಿದ್ದರೆ ಆ ಎಸ್‌ಎಂಪಿಎಸ್ ಬದಲಿಸಿ.

ಗಿಗಾಬೈಟ್‌ನ ಈ ಕಾಲದ ಬಯೋಸ್‌ನಲ್ಲಿ ಒಂದು ಗುಟ್ಟಿದೆ: ಮುಖ್ಯ ಪುಟದಲ್ಲಿ ಕಂಟ್ರೋಲ್ ಮತ್ತು ಎಫ್1 ಒಟ್ಟಿಗೆ ಒತ್ತದಿದ್ದರೆ ಕೆಲವು ಸೆಟ್ಟಿಂಗ್‌ಗಳು ಕಾಣುವುದೇ ಇಲ್ಲ. ಒತ್ತಿ, ಆಮೇಲೆ ಎಂ.ಐ.ಟಿ. ಪುಟಕ್ಕೆ ಹೋಗಿ. ಆಪ್ಟಿಮೈಸ್ಡ್ ಡಿಫಾಲ್ಟ್ಸ್ ಹಾಕಿಕೊಂಡು ಅಲ್ಲಿಂದ ಶುರು ಮಾಡಿ. ಸಿ.ಐ.ಎ.2 ಆಫ್, ಅದು ಲೋಡ್ ನೋಡಿ ತಾನಾಗಿ ವೇಗ ಏರಿಸುವ ಸೌಲಭ್ಯ, ಪರೀಕ್ಷೆ ಮಾಡುವಾಗ ಲೆಕ್ಕ ಕೆಡಿಸುತ್ತದೆ. ಸುಮ್ಮನಿದ್ದಾಗ ವೇಗ ಇಳಿಸುವ ಸಿ1ಇ ಮತ್ತು ಇಐಎಸ್‌ಟಿ ಪರೀಕ್ಷೆ ಮುಗಿಯುವವರೆಗೆ ಆಫ್. ಟಿಎಂ2 ಮಾತ್ರ ಆನ್ ಇರಲಿ, ಬಿಸಿ ಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳುವುದು ಅದರಿಂದಲೇ. ಪಿಸಿಐ ಎಕ್ಸ್‌ಪ್ರೆಸ್ ಫ್ರೀಕ್ವೆನ್ಸಿಯನ್ನು ಆಟೋದಲ್ಲಿ ಬಿಡದೆ 100 ಅಂತ ಟೈಪ್ ಮಾಡಿ. ಎಫ್‌ಎಸ್‌ಬಿ ಜೊತೆ ಅದೂ ಏರಿದರೆ ಮೊದಲು ತೊಂದರೆ ಕೊಡುವುದು ಗ್ರಾಫಿಕ್ಸ್ ಕಾರ್ಡ್ ಮತ್ತು ಡಿಸ್ಕ್. ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಕೆಟ್ಟರೆ ಓವರ್‌ಕ್ಲಾಕ್ ವಾಪಸ್ ತೆಗೆದರೂ ಫೈಲ್ ಸರಿಹೋಗುವುದಿಲ್ಲ, ಬ್ಯಾಕಪ್ ಮೊದಲೇ ಇರಲಿ.

ಈಗ ಹೆಚ್ಚು ಜನ ಎಡವುವ ಜಾಗ: ಸಿಸ್ಟಂ ಮೆಮೊರಿ ಮಲ್ಟಿಪ್ಲೈಯರ್. ಈ ಬೋರ್ಡ್‌ನಲ್ಲಿ ರ‍್ಯಾಮ್ ವೇಗ ಅಂದರೆ ಎಫ್‌ಎಸ್‌ಬಿ ಗುಣಿಸು ಈ ಸಂಖ್ಯೆ. 266ರಲ್ಲಿ ಡಿಡಿಆರ್2-800 ಓಡಲು ಅದು 3.00 ಇರುತ್ತದೆ. ಅದನ್ನು ಹಾಗೇ ಬಿಟ್ಟು ಎಫ್‌ಎಸ್‌ಬಿ ಮಾತ್ರ 333 ಮಾಡಿದರೆ ರ‍್ಯಾಮ್ 1000ಕ್ಕೆ ಹೋಗುತ್ತದೆ, ಪರದೆ ಕಪ್ಪಾಗುತ್ತದೆ, ಬೈಸಿಕೊಳ್ಳುವುದು ಪ್ರೊಸೆಸರ್. ಮಲ್ಟಿಪ್ಲೈಯರ್ 2.40 ಮಾಡಿ, 333ಕ್ಕೆ ಸರಿಯಾಗಿ 800 ಬರುತ್ತದೆ. ಬಯೋಸ್ ಪಕ್ಕದಲ್ಲೇ ಮೆಮೊರಿ ಫ್ರೀಕ್ವೆನ್ಸಿ ಎಷ್ಟಾಗುತ್ತದೆ ಅಂತ ತೋರಿಸುತ್ತದೆ, ಎಫ್10 ಒತ್ತುವ ಮುಂಚೆ ಆ ಸಾಲು ಓದುವ ಅಭ್ಯಾಸ ಇರಲಿ. ಟೈಮಿಂಗ್ 5-5-5-18, ವೋಲ್ಟೇಜ್ ಕಡ್ಡಿಯ ಸ್ಟಿಕರ್‌ನಲ್ಲಿದ್ದಷ್ಟು. ಬಹುಪಾಲು ಡಿಡಿಆರ್2ಗೆ 1.8. ನಾಲ್ಕು ಸ್ಲಾಟೂ ತುಂಬಿದ್ದರೆ ನಾರ್ತ್‌ಬ್ರಿಡ್ಜ್‌ಗೆ ಹೊರೆ ಜಾಸ್ತಿ, ಆಗ ಎಂಸಿಎಚ್ (ನಾರ್ತ್‌ಬ್ರಿಡ್ಜ್‌ನ ಇನ್ನೊಂದು ಹೆಸರು) ವೋಲ್ಟೇಜ್ 0.1 ಏರಿಸಬೇಕಾಗಬಹುದು.

ಒಂದೇ ಸಲ 333×9 ಹಾಕಬೇಡಿ. ಮೊದಲು ಮಲ್ಟಿಪ್ಲೈಯರ್ 6ಕ್ಕೆ ಇಳಿಸಿ, ಎಫ್‌ಎಸ್‌ಬಿ 333, ರ‍್ಯಾಮ್ 2.40. ಪ್ರೊಸೆಸರ್ ಆಗ ಬರೀ 2.0ಯಲ್ಲಿ ಓಡುತ್ತಿರುತ್ತದೆ, ಅದರ ಮೇಲೆ ಅನುಮಾನ ಪಡುವ ಹಾಗೇ ಇಲ್ಲ. ಹೀಗೆ ಬೂಟ್ ಮಾಡಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎರಡು ಸುತ್ತು ಓಡಿಸಿ. ಒಂದು ಎರರ್ ಬಂದರೂ ತಪ್ಪು ಬೋರ್ಡ್ ಅಥವಾ ರ‍್ಯಾಮ್‌ನದು: ಒಂದೇ ಕಡ್ಡಿ ಇಟ್ಟು, ಸ್ಲಾಟ್ ಬದಲಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಅದು ಪಾಸಾದ ಮೇಲೆ ಮಲ್ಟಿಪ್ಲೈಯರ್ 7, 8, 9. ಇನ್ನು ಕೈಕೊಟ್ಟರೆ ಮೊದಲ ಅನುಮಾನ ಪ್ರೊಸೆಸರ್ ಮೇಲೆ.

ಸೇವ್ ಮಾಡಿದಾಗ ಯಂತ್ರ ಪೂರ್ತಿ ಆಫ್ ಆಗಿ ಒಂದೆರಡು ಸೆಕೆಂಡ್ ಬಿಟ್ಟು ತಾನೇ ಆನ್ ಆಗುತ್ತದೆ. ಎಫ್‌ಎಸ್‌ಬಿ ಬದಲಾದಾಗ ಈ ಬೋರ್ಡ್ ಮಾಡುವುದೇ ಹಾಗೆ, ಗಾಬರಿ ಬೇಡ. ಆನ್-ಆಫ್ ಮೇಲಿಂದ ಮೇಲೆ ಆಗಿ ಡಿಫಾಲ್ಟ್‌ಗೆ ಮರಳಿದರೆ ಮಾತ್ರ ಸೆಟ್ಟಿಂಗ್ ಹಿಡಿಸಿಲ್ಲ ಅಂತ ಅರ್ಥ. ಪೂರ್ತಿ ಸತ್ತಂತೆ ಕೂತರೆ ವೈರ್ ಕಿತ್ತು ಬಯೋಸ್ ಸೆಟ್ಟಿಂಗ್ ಅಳಿಸುವ ಸಿಎಂಒಎಸ್ ಕ್ಲಿಯರ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಮುಟ್ಟಿಸಿ.

ವೋಲ್ಟೇಜ್ ವಿಷಯಕ್ಕೆ ಬಂದರೆ, ಪ್ರತಿ ಚಿಪ್‌ಗೂ ತನ್ನದೇ ವಿಐಡಿ (ಕಾರ್ಖಾನೆಯಲ್ಲಿ ಗೊತ್ತುಮಾಡಿದ ವೋಲ್ಟೇಜ್) ಇರುತ್ತದೆ; ಕೋರ್ ಟೆಂಪ್ ತಂತ್ರಾಂಶ ತೋರಿಸುತ್ತದೆ. ನನ್ನದು 1.2750. ಆಟೋದಲ್ಲಿ ಬಿಟ್ಟರೆ ಬೋರ್ಡ್ ತನಗೆ ತೋಚಿದಷ್ಟು ಕೊಡುವುದರಿಂದ ಮೊದಲು ವಿಐಡಿಯನ್ನೇ ಕೈಯಾರೆ ಹಾಕಿ. ಬಯೋಸ್‌ನಲ್ಲಿ ಹಾಕಿದ್ದಕ್ಕೂ ಲೋಡ್‌ನಲ್ಲಿ ಸಿಪಿಯು-ಝಡ್ ತೋರಿಸುವುದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. 1.3000 ಹಾಕಿದರೆ ಪೂರ್ತಿ ಲೋಡ್‌ನಲ್ಲಿ 1.232 ಕಂಡಿತು. ಇದು ವಿಡ್ರೂಪ್, ಇಂಟೆಲ್‌ನ ವಿನ್ಯಾಸದಲ್ಲೇ ಇದೆ. ಲೋಡ್ ಬಿಟ್ಟಾಗ ವೋಲ್ಟೇಜ್ ಚಿಮ್ಮಿ ಮಿತಿ ದಾಟದಿರಲಿ ಅಂತ. ಬೋರ್ಡಿನ ರೆಸಿಸ್ಟರ್ ಮೇಲೆ ಪೆನ್ಸಿಲ್ ಗೀಚಿ ಇದನ್ನು ಕಡಿಮೆ ಮಾಡುವ ಉಪಾಯವನ್ನು ಹಲವರು ಹೇಳುತ್ತಾರೆ. ಇಷ್ಟು ವಯಸ್ಸಾದ ಬೋರ್ಡ್‌ಗೆ ಅದು ಬೇಡ, ಒಂದು ಮೆಟ್ಟಿಲು ಹೆಚ್ಚು ಹಾಕಿದರೆ ಸಾಕು.

3.0ಯಲ್ಲಿ ವಿಐಡಿ ಸಾಲಲಿಲ್ಲ, ಸ್ವಲ್ಪ ಏರಿಸಿ 1.3000 ಹಾಕಿದಾಗ ನಿಂತಿತು. ಪರೀಕ್ಷೆಗೆ ಪ್ರೊಸೆಸರ್‌ಗೆ ಪೂರ್ತಿ ಲೋಡ್ ಕೊಡುವ ಪ್ರೈಮ್95: ಮೊದಲು ಸ್ಮಾಲ್ ಎಫ್‌ಎಫ್‌ಟಿ ಒಂದು ಗಂಟೆ, ಆಮೇಲೆ ಬ್ಲೆಂಡ್ ಒಂದು ರಾತ್ರಿ. ಸ್ಮಾಲ್‌ನಲ್ಲಿ ಒಂದೇ ಕೋರ್‌ನ ಕೆಲಸ ರೌಂಡಿಂಗ್ ಎರರ್ ಕೊಟ್ಟು ನಿಂತರೆ ಕೋರ್ ವೋಲ್ಟೇಜ್ ಒಂದು ಚೂರು ಕಡಿಮೆ. ಸ್ಮಾಲ್ ಪಾಸಾಗಿ ಬ್ಲೆಂಡ್ ಬಿದ್ದರೆ ರ‍್ಯಾಮ್ ಅಥವಾ ಎಂಸಿಎಚ್ ಕಡೆ ನೋಡಿ. ವಿಂಡೋಸ್ ನೀಲಿ ಪರದೆಯ ಕೋಡ್ 101 ಅಥವಾ 124ರಲ್ಲಿ ಮುಗಿದರೆ ಹೆಚ್ಚಾಗಿ ಕೋರ್ ವೋಲ್ಟೇಜ್. 1ಎ, 50 ಬಂದರೆ ಹೆಚ್ಚಾಗಿ ರ‍್ಯಾಮ್. ತಾಪಮಾನಕ್ಕೆ ಡಿಗ್ರಿ ಸಂಖ್ಯೆಗಿಂತ ಟಿಜೆ ಮ್ಯಾಕ್ಸ್‌ಗೆ (ಚಿಪ್‌ನ ಗರಿಷ್ಠ ತಾಪಮಾನಕ್ಕೆ) ಇನ್ನೆಷ್ಟು ದೂರ ಎಂಬುದನ್ನು ನೋಡುವುದು ಮೇಲು. ಈ ತಲೆಮಾರಿನ ಚಿಪ್‌ಗಳ ಸೆನ್ಸರ್ ಅಳೆಯುವುದೇ ಆ ದೂರವನ್ನು, ಡಿಗ್ರಿ ಎಂಬುದು ತಂತ್ರಾಂಶ ಕಳೆದು ತೋರಿಸುವ ಲೆಕ್ಕ. ಪೂರ್ತಿ ಲೋಡ್‌ನಲ್ಲಿ ದೂರ 25ಕ್ಕಿಂತ ಕಡಿಮೆಯಾಗದಂತೆ ನಾನು ಇಟ್ಟುಕೊಳ್ಳುತ್ತೇನೆ.

ಇಲ್ಲೇ ಋತುವಿನ ಲೆಕ್ಕ ಬರುತ್ತದೆ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಕೋರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್‌ನಲ್ಲಿ 22 ಡಿಗ್ರಿ ಕೋಣೆಯಲ್ಲಿ 25 ದೂರ ಉಳಿದಿದ್ದರೆ ಏಪ್ರಿಲ್‌ನ 36ರಲ್ಲಿ 11 ಮಾತ್ರ. ಕಲಬುರಗಿ, ರಾಯಚೂರಿನ ಕಡೆಯವರು ಓವರ್‌ಕ್ಲಾಕ್ ಮಾಡುವುದಾದರೆ ಬೇಸಿಗೆಯ ಮಧ್ಯಾಹ್ನ ಪರೀಕ್ಷೆ ಮಾಡಿ. ಚಳಿಗಾಲದ ಫಲಿತಾಂಶ ಲೆಕ್ಕಕ್ಕಿಲ್ಲ.

3.0 ಆದ ಮೇಲೆ 400×8, ಅಂದರೆ 3.2 ಕೂಡ ಹಾಕಿ ನೋಡಿದೆ. 1.3625 ಕೇಳಿತು, ನಾರ್ತ್‌ಬ್ರಿಡ್ಜ್ ಹೀಟ್‌ಸಿಂಕ್ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ವಿದ್ಯುತ್ ಬಳಕೆ ವೇಗಕ್ಕೆ ತಕ್ಕಂತೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 2.4ರಿಂದ 3.0ಗೆ ವೇಗ ಶೇ 25 ಹೆಚ್ಚು, ಬಿಸಿ ಸುಮಾರು ಶೇ 30 ಹೆಚ್ಚು. 3.0ರಿಂದ 3.2ಗೆ ವೇಗ ಶೇ 7ಕ್ಕೂ ಕಡಿಮೆ, ಬಿಸಿ ಶೇ 17. ಮೇಲಾಗಿ ಕ್ವಾಡ್‌ನಲ್ಲಿ ಎರಡು ಚಿಪ್ ಒಂದೇ ಬಸ್ ಹಂಚಿಕೊಳ್ಳುವುದರಿಂದ ಎಫ್‌ಎಸ್‌ಬಿ ಗೋಡೆ, ಅಂದರೆ ಅದು ಇನ್ನು ಏರದ ಮಿತಿ, ಕೋರ್ 2 ಡ್ಯುಯೋಗಿಂತ ಬೇಗ ಬರುತ್ತದೆ. ಬೆಂಚ್‌ಮಾರ್ಕ್ ಚಿತ್ರ ತೋರಿಸುವ ಆಸೆ ಇದ್ದವರು 3.6 ಹುಡುಕಲಿ. ದಿನಾ ಕೆಲಸ ಮಾಡುವ ಯಂತ್ರ 3.0ಯಲ್ಲೇ ನಿಲ್ಲಲಿ.

ಪರೀಕ್ಷೆ ಮುಗಿದ ಮೇಲೆ ಸಿ1ಇ, ಇಐಎಸ್‌ಟಿ ಮತ್ತೆ ಆನ್ ಮಾಡಿ. ಸುಮ್ಮನಿದ್ದಾಗ ಮಲ್ಟಿಪ್ಲೈಯರ್ 6ಕ್ಕೆ ಇಳಿದು ಸಿಪಿಯು-ಝಡ್ 2.0 ತೋರಿಸುತ್ತದೆ, ಓವರ್‌ಕ್ಲಾಕ್ ಹೋಯಿತು ಅಂದುಕೊಳ್ಳಬೇಡಿ. ಬಯೋಸ್ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಇದರಿಂದ ವಿಡಿಯೊ ಎನ್‌ಕೋಡಿಂಗ್, ಜಿಪ್ ಬಿಚ್ಚುವುದು, ಹಳೇ ಆಟಗಳಲ್ಲಿ ಹೆಚ್ಚುಕಡಿಮೆ ಆ ಕಾಲು ಭಾಗ ಸಿಗುತ್ತದೆ. ಬ್ರೌಸರ್ ನಿಧಾನ ಎಂಬ ದೂರಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿ, ವ್ಯತ್ಯಾಸ ಅಲ್ಲಿ ಜಾಸ್ತಿ. ಎಸ್‌ಎಸ್‌ಇ 4.1, 4.2 ಆದೇಶಗಳು ಈ ಚಿಪ್‌ನಲ್ಲಿಲ್ಲ, ಎಷ್ಟು ಏರಿಸಿದರೂ ಬರುವುದಿಲ್ಲ. ವಿಂಡೋಸ್ 11ರ 24ಎಚ್2 ಮತ್ತು ಎಷ್ಟೋ ಹೊಸ ಆಟಗಳು ಇದರಲ್ಲಿ ಓಡದಿರುವುದು ಅದಕ್ಕೇ.

ನಿಮ್ಮಲ್ಲಿರುವುದು ಅಗ್ಗದ ಜಿ31 ಬೋರ್ಡ್, ಮೇಲೆ ಪೆಂಟಿಯಂ ಇ5200 ಆದರೂ ಇದೇ ಲೆಕ್ಕ ನಡೆಯುತ್ತದೆ. ಅದು 200×12.5, 2.5 ಗಿಗಾಹರ್ಟ್ಸ್. ಜಿ31ಗೆ 266 ಮಾಮೂಲಿ ವೇಗ, 266×12.5 ಅಂದರೆ 3.33. ರ‍್ಯಾಮ್ 800ರ ಮೇಲೆ ಹೋಗದಂತೆ ನೋಡಿಕೊಳ್ಳಿ. ಈ ಬೋರ್ಡ್‌ಗಳಲ್ಲಿ ಪ್ರೊಸೆಸರ್‌ಗೆ ವೋಲ್ಟೇಜ್ ಒದಗಿಸುವ, ಅದರ ಪಕ್ಕದ ಮಾಸ್‌ಫೆಟ್‌ಗಳಿಗೆ ಹೀಟ್‌ಸಿಂಕ್ ಸಾಮಾನ್ಯವಾಗಿ ಇರುವುದಿಲ್ಲ. ಕೆಳಕ್ಕೆ ಗಾಳಿ ಊದುವ ಇಂಟೆಲ್ ಕೂಲರನ್ನೇ ಉಳಿಸಿಕೊಂಡರೆ ಆ ಗಾಳಿ ಅವುಗಳಿಗೂ ತಾಗುತ್ತದೆ; ಇಲ್ಲಿ ಟವರ್ ಕೂಲರ್ ಹಾಕಿದರೆ ಅವಕ್ಕೆ ಬೇರೆ ಫ್ಯಾನ್ ಕಟ್ಟಬೇಕಾಗುತ್ತದೆ.