ಸಿಮೆಂಟ್ ತುಂಬಿಸಿದ ಹಲ್ಲು ಬಾಳಿಕೆ ಬರಬೇಕೆಂದರೆ

ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡ ಮೇಲೆ ನಮ್ಮ ಹುಬ್ಬಳ್ಳಿ ಮಂದಿ ಆ ಹಲ್ಲನ್ನು ಮರೆತೇ ಬಿಡುತ್ತಾರೆ. ಸಿಮೆಂಟ್ ಮತ್ತು ಹಲ್ಲು ಕೂಡುವ ಅಂಚಿನಲ್ಲಿ ಮತ್ತೆ ಹುಳುಕು ಶುರುವಾಗುತ್ತದೆ. ಕಾಯಬೇಕಾದ್ದು ಆ ಅಂಚನ್ನು.

ಮೊದಲು, ಬಾಯಿಯ ಜೋಮು ಇಳಿಯುವ ತನಕ ಏನೂ ಜಗಿಯಬೇಡಿ. ಹಲ್ಲಿನ ಬಣ್ಣದ ಸಿಮೆಂಟ್, ಅಂದರೆ ಕಾಂಪೋಸಿಟ್, ನೀಲಿ ಬೆಳಕಿಗೆ ಅಲ್ಲೇ ಗಟ್ಟಿಯಾಗುತ್ತದೆ. ಬೆಳ್ಳಿ ಬಣ್ಣದ್ದು, ಅಂದರೆ ಅಮಾಲ್ಗಮ್, ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು, ಅಲ್ಲಿಯವರೆಗೆ ಖಡಕ್ ರೊಟ್ಟಿ ಆ ಕಡೆ ಬೇಡ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ 'ರೂಢಿ ಆಗ್ತದ' ಎಂದು ಸುಮ್ನೆ ಕೂರಬೇಡಿ. ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ, ಉಬ್ಬು ಎಲ್ಲಿದೆ ಎಂದು ನೋಡಿ ಉಜ್ಜಿ ಕೊಡುತ್ತಾರೆ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ, ಮೆತ್ತನೆ ಬ್ರಶ್, ಫ್ಲೋರೈಡ್ ಪೇಸ್ಟ್. ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ಇದ್ದಿಲ ಪುಡಿ, ಒರಟು ಹಲ್ಲುಪುಡಿ ಅಂಚನ್ನು ಸವೆಸುತ್ತವೆ. ತಂಬಾಕಿನ ಮಿಶ್ರಿಯನ್ನಂತೂ ಮನೆಯಿಂದಲೇ ಹೊರಗೆ ಹಾಕಿ.

ಎಲ್ಲರೂ ಎಡವುವುದು ಹಲ್ಲಿನ ಸಂದಿಯಲ್ಲಿ. ಗಿರ್ಮಿಟ್ ತಿಂದ ಮೇಲೆ ಅಂಗಿಯ ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕುವವರನ್ನು ಎಷ್ಟು ನೋಡಿದ್ದೇನೋ! ಅಲ್ಲಿಗೆ ಬ್ರಶ್ ಹೋಗುವುದಿಲ್ಲ, ಫ್ಲಾಸ್ ದಾರವೇ ಬೇಕು. ಒಂದು ಮೊಳ ದಾರ ತೆಗೆದು ಎರಡೂ ನಡುಬೆರಳಿಗೆ ಸುತ್ತಿ, ನಡುವೆ ಒಂದು ಇಂಚಿನಷ್ಟು ಬಿಡಿ. ಗರಗಸ ಎಳೆದಂತೆ ಹಿಂದೆ ಮುಂದೆ ಆಡಿಸುತ್ತ ಮೆಲ್ಲಗೆ ಇಳಿಸಿ. ಒತ್ತಿ 'ಟಕ್' ಎಂದು ಇಳಿಸಿದರೆ ವಸಡು ಕುಯ್ಯುತ್ತದೆ. ಇಳಿದ ಮೇಲೆ ದಾರವನ್ನು ಒಂದು ಹಲ್ಲಿಗೆ ಅಪ್ಪಿಸಿ, ವಸಡಿನ ಅಂಚಿನ ತುಸು ಒಳಗಿನಿಂದ ಮೇಲೆ ಕೆಳಗೆ ನಾಲ್ಕೈದು ಸಲ ಉಜ್ಜಿ. ಪಕ್ಕದ ಹಲ್ಲಿಗೂ ಹಾಗೆಯೇ. ಹೊಸ ಸಿಮೆಂಟ್ (ಫಿಲ್ಲಿಂಗ್) ಇರುವ ಸಂದಿಯಿಂದ ದಾರವನ್ನು ಮೇಲಕ್ಕೆ ಜಗ್ಗಬೇಡಿ. ಒಂದು ತುದಿ ಬಿಟ್ಟು ಪಕ್ಕಕ್ಕೆ ಎಳೆದುಕೊಳ್ಳಿ. ಪ್ರತಿಸಲ ಒಂದೇ ಜಾಗದಲ್ಲಿ ದಾರ ಸಿಕ್ಕಿ ಎಳೆ ಎಳೆಯಾಗುತ್ತಿದ್ದರೆ ಅಲ್ಲಿ ಅಂಚು ಬಿಟ್ಟಿರಬಹುದು ಅಥವಾ ಒರಟಾಗಿರಬಹುದು. ಡಾಕ್ಟರಿಗೆ ತೋರಿಸಿ. ಫ್ಲಾಸ್ ರಾತ್ರಿ ಮಲಗುವ ಮುಂಚೆ ಮಾಡುವುದೇ ಒಳ್ಳೆಯದು.

ಗಟ್ಟಿ ಅಡಿಕೆ ಬಿಡಲೇಬೇಕು, ಅದರಿಂದ ಫಿಲ್ಲಿಂಗ್ ಅಷ್ಟೇ ಅಲ್ಲ, ಹಲ್ಲೇ ಸೀಳುತ್ತದೆ. ಪೇಡೆಯನ್ನು ಊಟದ ಜೊತೆಗೇ ತಿಂದುಬಿಡಿ. ದಿನವಿಡೀ ಚೂರು ಚೂರು ಬಾಯಿಗೆ ಹಾಕುವುದು, ಗಳಿಗೆಗೊಮ್ಮೆ ಸಕ್ಕರೆ ಚಹಾ ಕುಡಿಯುವುದು ಜಾಸ್ತಿ ಕೇಡು.

ತಣ್ಣೀರು ತಾಗಿ ಕೆಲವು ದಿನ ಜುಮ್ ಎನ್ನುವುದು ಸಹಜ. ಬಿಸಿ ಚಹಾ ಕುಡಿದ ಮೇಲೆ ನೋವು ಹೋಗದೇ ಇದ್ದರೆ, ರಾತ್ರಿ ಎಬ್ಬಿಸಿದರೆ ತಡ ಮಾಡಬೇಡಿ. ಲವಂಗದೆಣ್ಣೆ ನೋವು ಅಡಗಿಸುತ್ತದೆ, ಹುಳುಕು ಒಳಗೆ ಹಾಗೇ ಇರುತ್ತದೆ. ನೋವಿಲ್ಲದಿದ್ದರೂ ಡಾಕ್ಟರು ಹೇಳಿದ ಹೊತ್ತಿಗೆ ಎಕ್ಸ್‌ರೇ ತೆಗೆಸಿ, ಸಂದಿಯೊಳಗಿನ ಅಂಚು ಕಣ್ಣಿಗೆ ಕಾಣುವುದಿಲ್ಲ.