ಫಿಸಿಕ್ಸ್ ಲ್ಯಾಬಿನ ತಪ್ಪು ಉತ್ತರಗಳ ಜಾತಕ

ಪದವಿ ಮೊದಲ ವರ್ಷದ ಫಿಸಿಕ್ಸ್ ರೆಕಾರ್ಡ್ ತಿದ್ದುವಾಗ ನಾನು ಮೊದಲು ನೋಡುವುದು ಕೊನೆಯ ಪುಟದ ಉತ್ತರವನ್ನು. ಸರಿ ಉತ್ತರದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪುಸ್ತಕದಲ್ಲೂ ಅದೇ ಇದೆ, ಪಕ್ಕದ ಬೆಂಚಿನಲ್ಲೂ ಅದೇ ಇದೆ. ತಪ್ಪು ಉತ್ತರಕ್ಕೆ ಮಾತ್ರ ಒಂದು ಜಾತಕ ಇರುತ್ತದೆ. ಓದಲು ಬಂದರೆ ಯಾರು, ಎಲ್ಲಿ, ಏನು ಎಡವಿದರು ಎಂಬುದನ್ನು ಕೂತಲ್ಲೇ ಹೇಳಬಹುದು.

ಸರಳ ಲೋಲಕದಿಂದಲೇ ಶುರು ಮಾಡೋಣ. ಒಂದು ಮೀಟರ್ ಉದ್ದದ ಲೋಲಕಕ್ಕೆ 20 ಆಂದೋಲನ ಮುಗಿಸಲು ಸುಮಾರು 40.1 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವಾಗಲೇ 'ಒಂದು' ಎಂದವರು 'ಇಪ್ಪತ್ತು' ಎನ್ನುವ ಹೊತ್ತಿಗೆ ಆಗಿರುವುದು 19 ಮಾತ್ರ. ಭಾಗಿಸುವುದು ಮಾತ್ರ 20ರಿಂದ. ಆಗ ಸುಮಾರು 9.8 ಬರಬೇಕಾದ ಜಿ (ಗುರುತ್ವದ ವೇಗೋತ್ಕರ್ಷ) ಬೆಲೆ 10.86ರ ಆಸುಪಾಸಿಗೆ ಹಾರುತ್ತದೆ. 10.8, 10.9 ಕಂಡರೆ ನಾನು ಲೆಕ್ಕದ ಪುಟ ತಿರುಗಿಸುವುದಿಲ್ಲ. 'ಸೊನ್ನೆಯಿಂದ ಎಣಿಸಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಮುಂದೆ ಹೋಗುತ್ತೇನೆ. 8.9 ಬಂದಿದ್ದರೆ ಒಂದು ಆಂದೋಲನ ಎಣಿಕೆಯಿಂದ ತಪ್ಪಿಸಿಕೊಂಡಿದೆ. ಸಾಮಾನ್ಯವಾಗಿ ಪಕ್ಕದವರು ಮಾತಾಡಿಸಿದ ಗಳಿಗೆಯಲ್ಲಿ.

9.7ಕ್ಕಿಂತ ಚೂರು ಕಡಿಮೆ ಬಂದರೆ ಗುಂಡಿನ ವ್ಯಾಸ ಕೇಳಿ. 2.5 ಸೆಂ.ಮೀ. ವ್ಯಾಸದ ಗುಂಡಿನ ನೆತ್ತಿಯವರೆಗೆ ಮಾತ್ರ ದಾರ ಅಳೆದು, ತ್ರಿಜ್ಯ ಕೂಡಿಸುವುದನ್ನು ಮರೆತರೆ ಮೀಟರಿನಲ್ಲಿ 1.25 ಸೆಂ.ಮೀ. ಖೋತಾ, ಉತ್ತರ 9.68. ಇನ್ನೂ ಕೆಳಗೆ, 9.47ರ ಹತ್ತಿರ ಬಂದರೆ ಗುಂಡನ್ನು ಉಯ್ಯಾಲೆಯಂತೆ 30 ಡಿಗ್ರಿ ಎಳೆದು ಬಿಟ್ಟಿದ್ದಾರೆ. ಅಷ್ಟು ಅಗಲದ ತೂಗಾಟದಲ್ಲಿ ಅವಧಿ ಶೇ. 1.7ರಷ್ಟು ಹೆಚ್ಚುತ್ತದೆ, ಜಿ ಅದರ ಎರಡರಷ್ಟು ಇಳಿಯುತ್ತದೆ. 10 ಡಿಗ್ರಿಯೊಳಗೆ ಇಟ್ಟರೆ ಅವಧಿಯ ವ್ಯತ್ಯಾಸ ಶೇ. 0.2 ಮಾತ್ರ, ಸ್ಟಾಪ್‌ವಾಚ್ ಹಿಡಿದ ಕೈಗೆ ಅದು ಗೊತ್ತೇ ಆಗದು.

ಸರಿ, ಕರಾರುವಾಕ್ಕಾಗಿ 9.81 ಬಂದರೆ? ನನಗೆ ಅನುಮಾನ ಹುಟ್ಟುವುದೇ ಅಲ್ಲಿ. ಸಮುದ್ರಮಟ್ಟದಲ್ಲಿ ಜಿ ಬೆಲೆ ಸಮಭಾಜಕದ ಬಳಿ 9.78, ಧ್ರುವದ ಬಳಿ 9.83. ಇಡೀ ತರಗತಿ ಒಂದೇ ಅಕ್ಷಾಂಶದಲ್ಲಿ ಕೂತು, ಬೇರೆ ಬೇರೆ ದಾರ, ಬೇರೆ ಬೇರೆ ಹೆಬ್ಬೆರಳು ಬಳಸಿ 9.81ನ್ನೇ ತಂದರೆ ಅದು ಲೋಲಕದ ಕೆಲಸವಲ್ಲ, ಕ್ಯಾಲ್ಕ್ಯುಲೇಟರಿನದು. ಉತ್ತರದಿಂದ ಹಿಂದಕ್ಕೆ ನಡೆದು ರೀಡಿಂಗ್ ಕುಕ್ ಮಾಡಿದವರ ಗುರುತು ಕಾಲಂನಲ್ಲೇ ಇರುತ್ತದೆ: ಮೂರು ಸಲ ಅಳೆದದ್ದು 40.12, 40.12, 40.12. ಕೈಯಲ್ಲಿ ಒತ್ತುವ ಸ್ಟಾಪ್‌ವಾಚಿನ ರೀಡಿಂಗ್ ಸೆಕೆಂಡಿನ ಹತ್ತನೇ ಒಂದರಷ್ಟಾದರೂ ಓಲಾಡದೆ ಇರುವುದಿಲ್ಲ. ಸ್ವಲ್ಪ ಜಾಣರು 40.10, 40.15, 40.20 ಎಂದು ಬರೆಯುತ್ತಾರೆ. ಕೊನೆಯ ಅಂಕಿ ಸೊನ್ನೆ ಇಲ್ಲವೇ ಐದು. ನಿಜವಾದ ರೀಡಿಂಗಿನಲ್ಲಿ ಏಳು, ಮೂರುಗಳಂಥ ಅನಾಥ ಅಂಕಿಗಳೂ ಬರುತ್ತವೆ. ಕುಕ್ ಮಾಡುವವರಿಗೆ ಅವು ನೆನಪಾಗುವುದು ಅಪರೂಪ.

ಬೈದು ಇದನ್ನು ನಿಲ್ಲಿಸಲಾಗದು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಕೊಡಬೇಕು. ನಾನು ಮಾಡುವುದು ಇಷ್ಟು: ದಾರ ಕಟ್ಟಿದ ತುದಿಯನ್ನು ಒಂದು ರಟ್ಟಿನ ಡಬ್ಬಿಯೊಳಗೆ ಮುಚ್ಚಿಬಿಡುತ್ತೇನೆ. ಡಬ್ಬಿಯ ತಳದಲ್ಲಿ ತೂತು. ದಾರ ಅದರ ಅಂಚಿಗೆ ತಾಗಬಾರದು, ತಾಗಿದರೆ ಲೋಲಕ ಅಲ್ಲಿಂದಲೇ ತೂಗತೊಡಗಿ ಆಟವೇ ಕೆಡುತ್ತದೆ. ತೂತು 4 ಸೆಂ.ಮೀ. ಅಗಲವಿದ್ದು, ತೂಗಾಟ 5 ಡಿಗ್ರಿ ದಾಟದಿದ್ದರೆ ಸಾಕು. ಒಳಗೆ ದಾರ ಎಷ್ಟು ಎತ್ತರದಲ್ಲಿ ಕಟ್ಟಿದೆ ಎಂಬುದು ಗುಟ್ಟು. ಒಂದು ಟೇಬಲ್ಲಿಗೆ 6 ಸೆಂ.ಮೀ., ಇನ್ನೊಂದಕ್ಕೆ 9, ಮತ್ತೊಂದಕ್ಕೆ 13. ಡಬ್ಬಿಯ ತಳದಿಂದ ಗುಂಡಿನ ಮಧ್ಯದವರೆಗೆ 40, 55, 70, 85, 100 ಸೆಂ.ಮೀ. ಇಟ್ಟು ಅವಧಿ ಅಳೆಯಬೇಕು. ಉದ್ದವನ್ನು ಅಡ್ಡ ಅಕ್ಷದಲ್ಲೂ ಅವಧಿಯ ವರ್ಗವನ್ನು ಲಂಬ ಅಕ್ಷದಲ್ಲೂ ಇಟ್ಟು ಗ್ರಾಫ್ ಎಳೆಯಬೇಕು. ಗೆರೆ ಮೂಲಬಿಂದುವಿಗೆ ಬರುವುದಿಲ್ಲ. ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ ಎಷ್ಟು ದೂರದಲ್ಲಿ ಕತ್ತರಿಸುತ್ತದೋ ಅದೇ ಮುಚ್ಚಿಟ್ಟ ಎತ್ತರ. ಇಳಿಜಾರಿನಿಂದ ಜಿ ಕೂಡ ಸಿಗುತ್ತದೆ. ಗಮನವಿಟ್ಟು ಮಾಡಿದರೆ ಎತ್ತರ ಒಂದು ಸೆಂ.ಮೀ. ಆಚೀಚೆ ಬರುತ್ತದೆ. ಕೊನೆಯ ಹತ್ತು ನಿಮಿಷ ಡಬ್ಬಿ ತೆಗೆಯಲು. ಅಷ್ಟು ಹೊತ್ತು ಆಕಳಿಸುತ್ತಿದ್ದವರೂ ಸ್ಕೇಲ್ ಹಿಡಿದು ಮುಂದೆ ಬರುತ್ತಾರೆ, ಅದರಲ್ಲೂ ಡಬ್ಬಿಗಿಂತ ಎತ್ತರದ ಉತ್ತರ ಬರೆದವರು.

ಡಾರ್ಕ್ ರೂಮಿನಲ್ಲಿ ಜಾತಕ ಇನ್ನೂ ಸ್ವಾರಸ್ಯವಾಗಿರುತ್ತದೆ. ನ್ಯೂಟನ್ ಉಂಗುರಗಳಲ್ಲಿ (ಚಪ್ಪಟೆ ಗಾಜಿನ ಮೇಲೆ ಮಸೂರ ಇಟ್ಟಾಗ ಕಾಣುವ ಬೆಳಕು-ಕತ್ತಲೆಯ ಉಂಗುರಗಳು) ಸೋಡಿಯಂ ದೀಪದ ತರಂಗಾಂತರ 589 ನ್ಯಾನೊಮೀಟರ್ ಬರಬೇಕು. 147 ಬಂದರೆ ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕಿದ್ದಾರೆ. ಸರಿಯಾಗಿ ಕಾಲು ಭಾಗ. 295 ಬಂದರೆ ಮಸೂರದ ವಕ್ರತಾ ತ್ರಿಜ್ಯದ ಬದಲು ಸಂಗಮದೂರ ಹಾಕಿದ್ದಾರೆ. ಒಂದು ಬದಿ ಚಪ್ಪಟೆಯಿರುವ ಸಾಮಾನ್ಯ ಗಾಜಿನ ಮಸೂರದಲ್ಲಿ ಅದು ತ್ರಿಜ್ಯದ ಸುಮಾರು ಎರಡರಷ್ಟು. ಎರಡೂ ಉತ್ತರ ಕಣ್ಣಿಗೆ ಕಾಣದ ಅತಿನೇರಳೆ ಕಿರಣದ್ದು. ಕಣ್ಣೆದುರು ಹಳದಿ ಉಂಗುರ ಎಣಿಸಿ ಬಂದವರು ಇದನ್ನು ಎರಡು ಸಲ ಅಡಿಗೆರೆ ಎಳೆದು ಬರೆದಿರುತ್ತಾರೆ. ಉಂಗುರದ ಸಂಖ್ಯೆ ತಪ್ಪಿದರೆ ಚಿಂತೆಯಿಲ್ಲ, ಲೆಕ್ಕಕ್ಕೆ ಬೇಕಾದದ್ದು ವ್ಯತ್ಯಾಸ ಮಾತ್ರ. ಮೈಕ್ರೋಸ್ಕೋಪಿನ ತಿರುಪನ್ನು ನಡುವೆ ಹಿಂದಕ್ಕೆ ತಿರುಗಿಸಿದರೆ ಮಾತ್ರ ಕ್ಷಮೆಯಿಲ್ಲ: ತಿರುಪಿನ ಸಡಿಲದಷ್ಟು ರೀಡಿಂಗ್ ಕೆಡುತ್ತದೆ. ಎಡದ 20ನೇ ಉಂಗುರದಾಚೆಯಿಂದ ಹೊರಟು ಬಲದ 20ನೆಯದರವರೆಗೆ ಒಂದೇ ದಿಕ್ಕು. ದಾಟಿಹೋದರೆ ಪುನಃ ಮೊದಲಿನಿಂದ.

ನನಗೆ ಎಲ್ಲಕ್ಕಿಂತ ಇಷ್ಟವಾದ ತಪ್ಪು ಸ್ಪೆಕ್ಟ್ರೋಮೀಟರಿನದು. 60 ಡಿಗ್ರಿ ಪ್ರಿಸಂಗೆ ಕನಿಷ್ಠ ವಿಚಲನೆ (ಬೆಳಕು ಬಾಗುವ ಅತಿ ಕಡಿಮೆ ಕೋನ) 39 ಡಿಗ್ರಿ ಬರಬೇಕಿತ್ತು ಅನ್ನಿ. ಟೆಲಿಸ್ಕೋಪ್ ತಿರುಗುವಾಗ ಕೋನ ತೋರಿಸುವ ವರ್ನಿಯರ್ ಸ್ಕೇಲ್ 360ನ್ನು ದಾಟಿ ಸೊನ್ನೆಗೆ ಬಂದದ್ದನ್ನು ಗಮನಿಸದೆ ನೇರವಾಗಿ ಕಳೆದರೆ 321 ಸಿಗುತ್ತದೆ. ಅದನ್ನು ಸೂತ್ರಕ್ಕೆ ಹಾಕಿದರೆ ಗಾಜಿನ ವಕ್ರೀಭವನ ಸೂಚ್ಯಂಕ ಮೈನಸ್ 0.36! ಮೆಟಾಮೆಟೀರಿಯಲ್ ಎಂಬ ಕೃತಕ ವಸ್ತುಗಳ ಸಂಶೋಧಕರು ವರ್ಷಗಟ್ಟಲೆ ಬೆವರು ಸುರಿಸಿ ಪಡೆದ ಮೈನಸ್ ಸೂಚ್ಯಂಕವನ್ನು ನಮ್ಮವರು ಒಂದು ವ್ಯವಕಲನದಲ್ಲಿ ಸಾಧಿಸುತ್ತಾರೆ. ಮದ್ದು ಸುಲಭ: ವ್ಯತ್ಯಾಸ 180 ಮೀರಿದರೆ 360ರಿಂದ ಕಳೆಯಿರಿ.

ಇನ್ನು ಉಪಕರಣ ಕೆಡುವ ವಿಷಯ. ವೋಲ್ಫ್‌ಗ್ಯಾಂಗ್ ಪೌಲಿ ಎಂಬ ಸೈದ್ಧಾಂತಿಕ ಭೌತವಿಜ್ಞಾನಿ ಹತ್ತಿರ ಬಂದರೆ ಸಾಕು, ಉಪಕರಣ ಕೈಕೊಡುತ್ತದೆಂದು ಹ್ಯಾಂಬರ್ಗ್‌ನಲ್ಲಿ ಪ್ರಯೋಗತಜ್ಞ ಒಟ್ಟೊ ಸ್ಟರ್ನ್ ಪೌಲಿಯನ್ನು ತಮ್ಮ ಲ್ಯಾಬಿಗೇ ಬಿಡುತ್ತಿರಲಿಲ್ಲ ಎಂಬ ಕಥೆ ಭೌತವಿಜ್ಞಾನಿಗಳ ನಡುವೆ ಹಳೆಯದು. ಮಲ್ಟಿಮೀಟರ್ ಕೆಡಲು ಪೌಲಿ ಬೇಕಿಲ್ಲ. ಕರೆಂಟ್ ಅಳೆದು, ಕೆಂಪು ವೈರನ್ನು ಮಿಲಿಆಂಪಿಯರ್ ತೂತಿನಲ್ಲೇ ಬಿಟ್ಟು, ನಾಬ್ ಮಾತ್ರ ವೋಲ್ಟಿಗೆ ತಿರುಗಿಸಿ ಪವರ್ ಸಪ್ಲೈಗೆ ಮುಟ್ಟಿಸಿದರೆ ನೇರ ಶಾರ್ಟ್. ಫ್ಯೂಸ್ ಸದ್ದಿಲ್ಲದೆ ಹೋಗುತ್ತದೆ. ಮುಂದಿನ ಬ್ಯಾಚಿಗೆ ಕರೆಂಟ್ ಸೊನ್ನೆ ತೋರಿಸುತ್ತದೆ, ಅವರು ಓಮನ ನಿಯಮ ಸುಳ್ಳೆಂದು ಬರೆದು ಸಹಿ ಕೇಳುತ್ತಾರೆ. ಹಾಗಾಗಿ ತರಗತಿಗೆ ಮುಂಚೆ ಪ್ರತಿ ಮೀಟರನ್ನೂ ಮಿಲಿಆಂಪಿಯರ್ ರೇಂಜಿಗಿಟ್ಟು, ಅದರ ಮಿಲಿಆಂಪಿಯರ್ ಮತ್ತು ಕಾಮನ್ ತೂತುಗಳ ನಡುವಿನ ರೋಧವನ್ನು ಇನ್ನೊಂದು ಮೀಟರಿನಿಂದ ನೋಡುತ್ತೇನೆ. ಕೆಲವು ಓಮ್ ತೋರಿಸಿದರೆ ಫ್ಯೂಸ್ ಇದೆ. ಓಪನ್, ಅಂದರೆ ಸಂಪರ್ಕವೇ ಇಲ್ಲ ಎಂದು ತೋರಿಸಿದರೆ ಹೋಗಿದೆ. ಅದೇ ರೇಟಿಂಗಿನ ಫ್ಯೂಸನ್ನೇ ಹಾಕಬೇಕು. ತಂತಿ ಸುತ್ತಿ 'ಸದ್ಯಕ್ಕೆ' ನಡೆಸಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ಮೀಟರ್.

ಬಿಎನ್‌ಸಿ ಕೇಬಲ್ಲಿನದು, ಅಂದರೆ ಉಪಕರಣಗಳ ನಡುವೆ ಸಿಗ್ನಲ್ ಒಯ್ಯುವ ವೈರಿನದು, ಬೇರೆಯೇ ರೋಗ. ಕೆಟ್ಟದ್ದು ಎಂದು ಗೊತ್ತಾದವರೂ ಅದನ್ನು ಮೆಲ್ಲಗೆ ಡ್ರಾಯರಿಗೇ ಹಿಂತಿರುಗಿಸುತ್ತಾರೆ, ಸಂಶೋಧನಾ ವಿದ್ಯಾರ್ಥಿಗಳು ಸೇರಿದಂತೆ. 'ಕೆಟ್ಟಿದೆ' ಎಂದು ಬರೆದ ಚೀಟಿ ಉದುರುತ್ತದೆ, ಹಾಕಿದ ಗಂಟನ್ನು ಯಾರೋ ಪುಣ್ಯಾತ್ಮರು ಬಿಚ್ಚುತ್ತಾರೆ. ನಾನು ಕಟಿಂಗ್ ಪ್ಲೈಯರ್‌ನಿಂದ ಒಂದು ತುದಿಯ ಕನೆಕ್ಟರನ್ನೇ ಕತ್ತರಿಸುತ್ತೇನೆ. ಮಧ್ಯದ ಪಿನ್ ಮತ್ತು ಹೊರಕವಚದ ನಡುವೆ ಓಪನ್ ಇದೆಯೇ, ತುದಿಯಿಂದ ತುದಿಗೆ ಸಂಪರ್ಕ ಇದೆಯೇ ಎಂದು ಮೊದಲು ನೋಡಿ, ಕೇಬಲ್ ಅಲುಗಾಡಿಸುತ್ತಲೇ ನೋಡಿ, ಆಮೇಲೆ ಕತ್ತರಿಸಿ. ಎಷ್ಟೋ ಸಲ ತಪ್ಪು ಕೇಬಲ್ಲಿನದಾಗಿರುವುದಿಲ್ಲ, ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಆ ಚಾನೆಲ್ಲನ್ನೇ ಯಾರೋ ಆಫ್ ಮಾಡಿಟ್ಟಿರುತ್ತಾರೆ.