ಮುಧೋಳ ನಾಯಿಗೆ ಒಣ ಆಹಾರ ಒಗ್ಗಿಸಿದ್ದು: ನನ್ನ ಅನುಭವ

ಹೋದ ಸಂಕ್ರಾಂತಿಯ ಮರುದಿನ ನಮ್ಮ ನಾಯಿ ಬಾಣನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ನನ್ನ ತೂಕ ಕಳೆದರೆ 24 ಕಿಲೋ. ಅದರ ಹಿಂದಿನ ತಿಂಗಳೂ 24, ಅದರ ಹಿಂದಿನ ತಿಂಗಳೂ 24. ಕೊನೆಯ ಎರಡು ಮೂರು ಪಕ್ಕೆಲುಬು ಕಣ್ಣಿಗೆ ಕಾಣುತ್ತಿದ್ದವು, ಹೊಟ್ಟೆ ಮೇಲಕ್ಕೆ ಸೇರಿಕೊಂಡಿತ್ತು, ತೊಡೆ ಕಲ್ಲಿನಂತಿತ್ತು. ಮುಧೋಳ ನಾಯಿ ಇರಬೇಕಾದದ್ದೇ ಹಾಗೆ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ನಮ್ಮ ಕಾಕಾ, “ನಾಯಿಗೆ ಯಾವ ಒಣ ಆಹಾರದ ಚೀಲ ಹಾಕುತ್ತೀ, ಹೆಸರು ಬರೆದು ಕೊಡು” ಎಂದರು. “ಚೀಲದ ಕಾಳು ತಿಂದ ನಾಯಿ ಮೊಲ ಹಾಗಿರಲಿ, ಕೋಳಿಯನ್ನೂ ಅಟ್ಟುವುದಿಲ್ಲ” ಎಂದು ಮೂರು ವರ್ಷದ ಹಿಂದೆ ಊರೆಲ್ಲ ಹೇಳಿಕೊಂಡು ಬಂದವರು ಅವರೇ.

ನಮ್ಮಲ್ಲಿ ನಾಲ್ಕು ನಾಯಿಗಳಿವೆ: ಬಾಣ, ರಾಣಿ, ಚಂದ್ರಿ ಮತ್ತು ಹನ್ನೊಂದು ವರ್ಷದ ಭೀಮ. ಕಬ್ಬಿನ ಹೊಲಕ್ಕೆ ಹಂದಿ ಬರದಂತೆ ಕಾಯುವುದು ಅವುಗಳ ಕೆಲಸ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸೂಲು ಮರಿಗಳನ್ನು ಮಾರುತ್ತೇನೆ. ಹಿಂದೆಲ್ಲ ಬಿಳಿಜೋಳದ ರೊಟ್ಟಿ, ನುಚ್ಚು, ಹಾಲು, ವಾರಕ್ಕೆ ಎರಡು ಸಲ ಕೋಳಿಯ ತಲೆ ಮತ್ತು ಕಾಲು ಕೊಡುತ್ತಿದ್ದೆವು. ಅವ್ವ ನಾಯಿಗಳಿಗೆಂದೇ ದಿನಕ್ಕೆ ಹದಿನಾಲ್ಕು ರೊಟ್ಟಿ ಬಡಿಯುತ್ತಿದ್ದಳು. ಅವಳ ಮೊಣಕಾಲು ಕೈಕೊಟ್ಟ ಮೇಲೆ ಅದು ನಿಂತಿತು. ನಾನು ಒಣ ಆಹಾರಕ್ಕೆ ಬಂದದ್ದು ಶೋಕಿಗಲ್ಲ, ಒಲೆಯ ಮುಂದೆ ಕೂರುವವರು ಇಲ್ಲದ್ದಕ್ಕೆ.

ಮೊದಲ ತಪ್ಪು ಬೆಲೆ ನೋಡಿ ಕೊಂಡದ್ದು. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ಕಿಲೋ ಲೆಕ್ಕದಲ್ಲಿ ತಂದೆ, ಕಿಲೋಗೆ 110ರಿಂದ 120 ರೂಪಾಯಿ. ನಾಲ್ಕೇ ದಿನದಲ್ಲಿ ಚಂದ್ರಿಗೆ ಭೇದಿ ಹಿಡಿಯಿತು, ವಾರದಲ್ಲಿ ಬಾಣನಿಗೂ ಬಂತು. ಡಾಕ್ಟರು ಬಂದು ಸಲೈನ್ ಏರಿಸಿದರು. ಆ ಸಲ ಔಷಧಿ ಮತ್ತು ಓಡಾಟಕ್ಕೇ ಆರೇಳು ಸಾವಿರ ಹೋಯಿತು. ಉಳಿದ ಕಾಳನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿದರೆ ಹಳೆಯ ಶೇಂಗಾ ಎಣ್ಣೆಯ ಕಮಟು ವಾಸನೆ. ಕಾಳಿನ ಮೇಲೆ ಕೊಬ್ಬು ಸವರಿರುತ್ತಾರೆ. ನಮ್ಮ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ಬಿಸಿಲಿರುತ್ತದೆ, ತೆರೆದ ಚೀಲದ ಕೊಬ್ಬು ಕೆಡದೆ ಇನ್ನೇನಾಗುತ್ತದೆ? ಅಂದಿನಿಂದ ಬಿಡಿ ಕಾಳನ್ನು ಪುಕ್ಕಟೆ ಕೊಟ್ಟರೂ ಮುಟ್ಟಿಲ್ಲ.

ಎರಡನೆಯ ತಪ್ಪು ಅದರ ತದ್ವಿರುದ್ಧ. ಪರದೇಶದ ಚೀಲ, 12 ಕಿಲೋಗೆ ಏಳೂವರೆ ಸಾವಿರದ ಆಸುಪಾಸು. ಬೆಳಗಾವಿಯಿಂದ ಬಸ್ಸಿನಲ್ಲಿ ತರಿಸಿದೆ. ಇಷ್ಟು ದುಡ್ಡಿನದು ಒಳ್ಳೆಯದೇ ಇರಬೇಕೆಂದು ಹಳೆಯದನ್ನು ಒಂದೇ ದಿನಕ್ಕೆ ನಿಲ್ಲಿಸಿ ಹೊಸದನ್ನು ತುಂಬು ಬಟ್ಟಲು ಹಾಕಿದೆ. ಕೊಬ್ಬು ಶೇ. 20 ಇತ್ತು. ರೊಟ್ಟಿ ನುಚ್ಚಿನಲ್ಲಿ ಬೆಳೆದ ಹೊಟ್ಟೆ, ಮತ್ತೆ ಭೇದಿ. ಆಹಾರ ಕೆಟ್ಟದ್ದಾಗಿರಲಿಲ್ಲ, ಕೊಟ್ಟ ರೀತಿ ಕೆಟ್ಟದ್ದಾಗಿತ್ತು. ಆದರೆ ಅದನ್ನು ಅರಿಯುವ ಹೊತ್ತಿಗೆ ಅರ್ಧ ಚೀಲ ಮುಗಿದಿತ್ತು, ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು.

ಮೂರನೆಯದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ರಾಣಿಯ ಮೊದಲ ಸೂಲಿನ ಮರಿಗಳಿಗೆ ಮರಿಗಳ ಕಾಳನ್ನೇ ಹಾಕುತ್ತಿದ್ದೆ. ಅದರ ಮೇಲೆ ಮೂಳೆ ಗಟ್ಟಿಯಾಗಲಿ ಎಂದು ಕ್ಯಾಲ್ಸಿಯಂ ಸಿರಪ್ ಕೂಡ ಕುಡಿಸಿದೆ, ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಮೂರು ತಿಂಗಳಿಗೆ ಎರಡು ಮರಿಗಳ ಮುಂಗಾಲು ಮಣಿಕಟ್ಟಿನಲ್ಲಿ ಹೊರಕ್ಕೆ ಬಾಗಿದವು. ಡಾಕ್ಟರು ಚೀಲ ತರಿಸಿ ಓದಿ, “ಇದರಲ್ಲೇ ಕ್ಯಾಲ್ಸಿಯಂ ಶೇ. 1.4 ಇದೆ. ಬೆಳೆಯುವ ಮರಿಗೆ 1.2 ಸಾಕು, 1.8 ದಾಟಿದರೆ ಅಪಾಯ. ಸಿರಪ್ ಎಸೆಯಿರಿ” ಎಂದರು. ಎಸೆದೆ. ಒಂದು ಮರಿಯ ಕಾಲು ಎರಡು ತಿಂಗಳಲ್ಲಿ ನೆಟ್ಟಗಾಯಿತು. ಇನ್ನೊಂದರದು ಪೂರ್ತಿ ಆಗಲೇ ಇಲ್ಲ. ಅದನ್ನು ಮಾರಲಿಲ್ಲ, ಪರಿಚಯದ ತೋಟದವರಿಗೆ ಕೊಟ್ಟೆ. ಮರಿಗಳ ಕಾಳು ಹಾಕುವವರು ಸಿರಪ್ ಬಾಟಲಿಯನ್ನು ಮನೆಯೊಳಗೇ ತರಬೇಡಿ.

ಇಷ್ಟಾದ ಮೇಲೆ ಚೀಲದ ಮುಂಬದಿಯ ಚಿತ್ರ ನೋಡುವುದನ್ನು ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಲು ಕುಳಿತೆ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ, ಹೆಚ್ಚಿರುವುದನ್ನು ಮೊದಲು, ಬರೆದಿರುತ್ತಾರೆಂದು ನಿಮಗೆಲ್ಲ ಗೊತ್ತು. ಆದರೆ ಅದು ಬೇಯಿಸುವುದಕ್ಕೆ ಮುಂಚಿನ ತೂಕ. ಮೊದಲಿಗೆ ‘ತಾಜಾ ಕೋಳಿ ಮಾಂಸ’ ಎಂದಿದ್ದರೆ ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ನೀರು. ಒಣಗಿದ ಮೇಲೆ ಅದು ಪಟ್ಟಿಯಲ್ಲಿ ಎಲ್ಲಿಗೆ ಇಳಿಯುತ್ತದೋ ಲೆಕ್ಕ ಹಾಕಿ. ‘ಕೋಳಿ ಮೀಲ್’ ಎಂದರೆ ನೀರು ತೆಗೆದ ಪುಡಿ. ಹೆಸರು ಕೇಳಲು ಚೆನ್ನಾಗಿಲ್ಲ, ಆದರೆ ಪ್ರೋಟೀನ್ ಹೆಚ್ಚು. ಯಾವ ಪ್ರಾಣಿಯದೆಂದು ಹೇಳದೆ ಬರೀ ‘ಮಾಂಸದ ಉಪಉತ್ಪನ್ನ’ ಎಂದು ಬರೆದಿದ್ದರೆ ನಾನು ಚೀಲ ಕೆಳಗಿಡುತ್ತೇನೆ. ಇನ್ನೊಂದು ಕೈಚಳಕವಿದೆ. ಗೋವಿನಜೋಳ (ಮೆಕ್ಕೆಜೋಳ), ಗೋವಿನಜೋಳದ ಗ್ಲುಟೆನ್, ಗೋವಿನಜೋಳದ ಹಿಟ್ಟು ಎಂದು ಒಂದೇ ಧಾನ್ಯವನ್ನು ಮೂರಾಗಿ ಒಡೆದು ಮೂರು ಕಡೆ ಬರೆಯುತ್ತಾರೆ. ಮೂರನ್ನೂ ಕೂಡಿಸಿದರೆ ಮಾಂಸವನ್ನು ಮೀರಿಸುತ್ತದೆ.

ಪಿಷ್ಟ ಎಷ್ಟಿದೆ ಎಂದು ಚೀಲದ ಮೇಲೆ ಸಾಮಾನ್ಯವಾಗಿ ಬರೆಯುವುದಿಲ್ಲ. ಪ್ರೋಟೀನ್, ಕೊಬ್ಬು, ನಾರು, ತೇವಾಂಶ ಕೂಡಿಸಿ, ಬೂದಿಗೆ (ಸುಟ್ಟರೆ ಉಳಿಯುವ ಖನಿಜಾಂಶಕ್ಕೆ) 8 ಸೇರಿಸಿ, ನೂರರಿಂದ ಕಳೆಯಿರಿ. ನಾನು ಈಗ ಹಾಕುವ ಕಾಳಿನಲ್ಲಿ 26, 14, 4, 10 ಇದೆ. ಬೂದಿಯ ಜೊತೆ 62, ಪಿಷ್ಟ 38. ಮೊದಲು ತಂದ ಅಗ್ಗದ್ದರಲ್ಲಿ ಪಿಷ್ಟ 48ರ ಸುತ್ತ ಬರುತ್ತಿತ್ತು. ಪ್ರೋಟೀನ್ ಮತ್ತು ಪಿಷ್ಟವನ್ನು ಮೂರೂವರೆಯಿಂದ, ಕೊಬ್ಬನ್ನು ಎಂಟೂವರೆಯಿಂದ ಗುಣಿಸಿ ಕೂಡಿಸಿದರೆ ನೂರು ಗ್ರಾಂನ ಕ್ಯಾಲೊರಿ ಸಿಗುತ್ತದೆ: ನನ್ನದಕ್ಕೆ 343, ಅಗ್ಗದ್ದಕ್ಕೆ 306.

ನಾಯಿಗೆ ಬೇಕಾದದ್ದೆಷ್ಟು ಎಂಬುದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಕಂಡುಕೊಳ್ಳಬಹುದು. ತೂಕವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮತ್ತೊಮ್ಮೆ ತೂಕದಿಂದ ಗುಣಿಸಿ, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. ಬಾಣನ 24 ಕಿಲೋಗೆ 760 ಬರುತ್ತದೆ, ಸುಮ್ಮನೆ ಮಲಗಿದ್ದರೂ ದಿನಕ್ಕೆ ಅಷ್ಟು ಕ್ಯಾಲೊರಿ ಬೇಕು. ಸಾಧಾರಣ ಓಡಾಟದ ನಾಯಿಗೆ ಅದರ 1.6 ಪಟ್ಟು, ಅಂದರೆ 1,200 ಚಿಲ್ಲರೆ ಕ್ಯಾಲೊರಿ ಬೇಕು. ನನ್ನ ಕಾಳು 350 ಗ್ರಾಂ ಸಾಕು. ಲೆಕ್ಕದ ಪ್ರಕಾರ ಅಗ್ಗದ್ದೂ 400 ಗ್ರಾಂ ಸಾಕಾಗಬೇಕಿತ್ತು. ಆದರೆ ಅಷ್ಟು ಕೊಟ್ಟಾಗ ಬಾಣ ಸೊರಗಿದ, 500 ಗ್ರಾಂ ಕೊಟ್ಟ ಮೇಲೆ ತೂಕ ನಿಂತಿತು. ಚೀಲದ ಮೇಲಿನ ಅಂಕಿ ಒಳಗೆ ಏನಿದೆ ಎನ್ನುತ್ತದೆ, ಎಷ್ಟು ಜೀರ್ಣವಾಗುತ್ತದೆ ಎನ್ನುವುದಿಲ್ಲ. ಗರಿಯಲ್ಲೂ ಪ್ರೋಟೀನ್ ಇದೆ, ಚರ್ಮದಲ್ಲೂ ಇದೆ.

ಜೀರ್ಣವಾಗುವುದನ್ನು ತಿಳಿಯಲು ನಾನು ಮಾಡಿದ ಕೆಲಸಕ್ಕೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರು. ಬಾಣನನ್ನು ಏಳು ದಿನ ಪ್ರತ್ಯೇಕ ಕಟ್ಟಿ, ದಿನದಿನದ ಮಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ತೂಗಿದೆ. ಅಗ್ಗದ ಕಾಳಿನಲ್ಲಿ ದಿನಕ್ಕೆ 300 ಗ್ರಾಂ ದಾಟುತ್ತಿತ್ತು, ಕೆಲವು ದಿನ 350. ಈಗಿನದರಲ್ಲಿ 160ರಿಂದ 180. ಎತ್ತಿದರೆ ಮುರಿಯದೆ ಬರುತ್ತದೆ, ನೆಲಕ್ಕೆ ಅಂಟುವುದಿಲ್ಲ. ಆಹಾರದ ಗುಣಮಟ್ಟಕ್ಕೆ ಇದಕ್ಕಿಂತ ನಂಬಿಕೆಯ ಪರೀಕ್ಷೆಯನ್ನು ನಾನು ಕಂಡಿಲ್ಲ. ಮುಧೋಳ ಭಾಗದಲ್ಲಿ ಇದನ್ನು ತಕ್ಕಡಿ ಹಿಡಿದು ಮಾಡಿದವನು ನಾನೊಬ್ಬನೇ ಎಂದು ಧೈರ್ಯವಾಗಿ ಹೇಳುತ್ತೇನೆ.

ದುಡ್ಡಿನ ಲೆಕ್ಕ ನೋಡೋಣ. ಅಗ್ಗದ್ದು ಕಿಲೋಗೆ 120, ದಿನಕ್ಕೆ ಅರ್ಧ ಕಿಲೋ, 60 ರೂಪಾಯಿ. ಈಗಿನದು 20 ಕಿಲೋ ಚೀಲಕ್ಕೆ 4,200 ಕೊಟ್ಟ ನೆನಪು, ಕಿಲೋಗೆ 210, ದಿನಕ್ಕೆ 73 ಅಥವಾ 74. ವ್ಯತ್ಯಾಸ ನಾಯಿಯೊಂದಕ್ಕೆ ಹದಿಮೂರು ಹದಿನಾಲ್ಕು ರೂಪಾಯಿ. ನಾಲ್ಕು ನಾಯಿಗೆ ತಿಂಗಳಿಗೆ 1,600ರ ಮೇಲೆ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈ ಎರಡು ವರ್ಷದಲ್ಲಿ ಹೊಟ್ಟೆಯ ಕಾರಣಕ್ಕೆ ಡಾಕ್ಟರನ್ನು ಕರೆಸಿದ್ದು ಒಂದೇ ಸಲ, ಅದೂ ಚಂದ್ರಿ ಸತ್ತ ಹೆಗ್ಗಣ ತಿಂದದ್ದಕ್ಕೆ. ಬಟ್ಟಲಿನಿಂದ ಅಳೆಯುವುದನ್ನು ನಿಲ್ಲಿಸಿದ್ದೂ ದುಡ್ಡು ಉಳಿಸಿತು. ಒಂದೇ ಸ್ಟೀಲ್ ಬಟ್ಟಲಿಗೆ ಒಂದು ಕಂಪನಿಯ ಕಾಳು 85 ಗ್ರಾಂ ಹಿಡಿದರೆ ಇನ್ನೊಂದರದು 110 ಹಿಡಿಯಿತು. 400 ರೂಪಾಯಿಯ ಅಡುಗೆಮನೆ ತಕ್ಕಡಿ ಒಂದೇ ತಿಂಗಳಲ್ಲಿ ತನ್ನ ಬೆಲೆ ತೀರಿಸಿತು.

ದೊಡ್ಡ ಚೀಲ ಅಗ್ಗವೆಂದು ಎಲ್ಲರೂ 20 ಕಿಲೋ ತರಬಾರದು. ನನ್ನ ನಾಲ್ಕು ನಾಯಿಗಳು ಅದನ್ನು ಎರಡು ವಾರದಲ್ಲಿ ಮುಗಿಸುತ್ತವೆ. ಒಂದೇ ನಾಯಿ ಇದ್ದವರಿಗೆ ಎರಡು ತಿಂಗಳು ಬರುತ್ತದೆ, ಅಷ್ಟರಲ್ಲಿ ಅಡಿಯ ಕಾಳು ಕಮಟು ಹಿಡಿದಿರುತ್ತದೆ. ಅವರು ಮೂರು ಕಿಲೋ ತರಲಿ. ಕಾಳನ್ನು ಡಬ್ಬಕ್ಕೆ ಸುರಿಯಬೇಡಿ, ಚೀಲ ಸಮೇತ ಡಬ್ಬದಲ್ಲಿಡಿ. ಡಬ್ಬದ ಗೋಡೆಗೆ ಅಂಟಿದ ಹಳೆಯ ಕೊಬ್ಬು ಹೊಸದನ್ನೂ ಕೆಡಿಸುತ್ತದೆ. ಬಿಚ್ಚಿದ ತಾರೀಖನ್ನು ಚೀಲದ ಮೇಲೆಯೇ ಬರೆಯುತ್ತೇನೆ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಐದು ಬಗೆಯ ಕಾಳನ್ನು ಐದು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಒಂದು ಎರಡರಷ್ಟು ಉಬ್ಬಿತು, ಒಂದು ಹಾಗೇ ಉಳಿಯಿತು, ಇನ್ನೊಂದು ಅಂಬಲಿಯಾಯಿತು. ಗುಣಮಟ್ಟದ ಬಗ್ಗೆ ಅದರಿಂದ ಏನೂ ತಿಳಿಯಲಿಲ್ಲ. ಹಲ್ಲು ಸವೆದ ಭೀಮನಿಗೆ ಯಾವುದು ಬೇಗ ಮೆತ್ತಗಾಗುತ್ತದೆ ಎಂಬುದಷ್ಟೇ ತಿಳಿಯಿತು. ಅವನಿಗೆ ಈಗಲೂ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿಯೇ ಕೊಡುತ್ತೇನೆ. ರೋಮ ಹೊಳೆಯಲೆಂದು ಹುರಿದ ಅಗಸಿ ಪುಡಿಯನ್ನು, ಬೆಳ್ಳುಳ್ಳಿಯನ್ನೂ ಉಪ್ಪನ್ನೂ ಹಾಕದೆ, ಒಂದು ತಿಂಗಳು ರಾಣಿಗೆ ಮಾತ್ರ ಕೊಟ್ಟೆ. ಕೊಡದ ಚಂದ್ರಿಯ ಮೈಗೂ ಅವಳ ಮೈಗೂ ವ್ಯತ್ಯಾಸ ಕಾಣಲಿಲ್ಲ. ಧಾನ್ಯವಿಲ್ಲದ ಆಹಾರವೇ ಶ್ರೇಷ್ಠವೆಂದು ಒಬ್ಬ ಅಂಗಡಿಯವರು ಬಹಳ ಒತ್ತಾಯಿಸಿದರು. ಜೋಳದ ರೊಟ್ಟಿಯಲ್ಲೇ ತಲೆತಲಾಂತರ ಬದುಕಿದ ತಳಿಗೆ ಧಾನ್ಯದ ಭಯವೇಕೆ? ಬಟಾಣಿ, ಬೇಳೆ ತುಂಬಿದ ಅಂಥ ಆಹಾರಕ್ಕೂ ನಾಯಿಗಳ ಹೃದಯದ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಪರಿಶೀಲನೆಗೆ ಇಳಿದದ್ದನ್ನು ಓದಿದ್ದೆ. ನಂಟು ಸಾಬೀತಾಗಿಲ್ಲ, ಆದರೂ ಹೆಚ್ಚು ದುಡ್ಡು ಕೊಟ್ಟು ಅನುಮಾನ ಕೊಳ್ಳುವ ಮನಸ್ಸಾಗಲಿಲ್ಲ.

ಬದಲಾಯಿಸುವಾಗ ಎಲ್ಲರೂ ಏಳು ದಿನ ಎನ್ನುತ್ತಾರೆ. ನನ್ನ ನಾಯಿಗಳಿಗೆ ಹದಿನಾಲ್ಕು ದಿನ ಬೇಕಾಯಿತು. ಮೊದಲ ನಾಲ್ಕು ದಿನ ನಾಲ್ಕರಲ್ಲಿ ಒಂದು ಪಾಲು ಹೊಸದು, ಮಲ ಗಟ್ಟಿಯಿದ್ದರಷ್ಟೇ ಮುಂದಿನ ಹೆಜ್ಜೆ. ಮುಧೋಳ ನಾಯಿ ಹಟಮಾರಿ, ಹೊಸ ವಾಸನೆಗೆ ಮುಖ ತಿರುಗಿಸುತ್ತದೆ. ಆ ಎರಡು ವಾರ ಅದರ ಬಾಯಿ ಬಿಡಿಸಲು ನಾನು ಕಾಳಿನ ಮೇಲೆ ಚಿಮುಕಿಸುವುದು ಏನೆಂದು ಕಾಕಾಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಮರಿ ಕೊಂಡವರಿಗೆ ಮಾತ್ರ ಹೇಳಿಕೊಡುತ್ತೇನೆ. ಚೀಲದ ಹೆಸರನ್ನೂ ಬರೆಯುವುದಿಲ್ಲ. ಹೆಸರು ಸಿಕ್ಕಿದರೆ ಹಿಂಬದಿ ಓದುವುದನ್ನು ನೀವು ಬಿಟ್ಟುಬಿಡುತ್ತೀರಿ. ತಟ್ಟೆಯನ್ನು ಹದಿನೈದು ನಿಮಿಷ ಇಟ್ಟು ಎತ್ತಿಬಿಡಿ. ತಿಂದ ಮೇಲೆ ಒಂದು ತಾಸು ಓಡಿಸಬೇಡಿ. ಮುಧೋಳದಂಥ ಆಳ ಎದೆಯ ನಾಯಿಗಳ ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಬಹುದು. ಒಣ ಆಹಾರ ತಿನ್ನುವ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಎರಡು ನೀರಿನ ತೊಟ್ಟಿ ತುಂಬಿಡುತ್ತೇನೆ.

ಅಪ್ಪ ಮಾತ್ರ ಬಹಳ ದಿನ ಒಪ್ಪಲಿಲ್ಲ. ಸಂಜೆ ತಮ್ಮ ಊಟದ ರೊಟ್ಟಿಯಲ್ಲಿ ಮುರಿದು ಹಾಕುತ್ತಲೇ ಇದ್ದರು. ಬಾಣ ಒಂದು ಹಂತದಲ್ಲಿ 26 ಕಿಲೋ ದಾಟಿದ, ನಾನು ಕಾಳನ್ನೇ ದೂರುತ್ತಿದ್ದೆ. ಒಂದು ಜೋಳದ ರೊಟ್ಟಿಯಲ್ಲಿ ಇನ್ನೂರು ಕ್ಯಾಲೊರಿ ಇದೆ, ಅವನ ದಿನದ ಊಟದ ಆರನೆಯ ಒಂದು ಪಾಲು. ಅದರ ಲೆಕ್ಕ ತೋರಿಸಿ, “ಅಪ್ಪಾ, ಅರ್ಧ ರೊಟ್ಟಿ ಹಾಕಿರಿ, ಅಷ್ಟು ಕಾಳು ನಾನು ಕಡಿಮೆ ಮಾಡುತ್ತೇನೆ” ಎಂದು ಕೇಳಿಕೊಂಡೆ. ಈಗ ಅವರು ರೊಟ್ಟಿಯನ್ನು ನಡುವೆ ಸರಿಯಾಗಿ ಮುರಿದು, ಅರ್ಧವನ್ನು ಎಂಟು ಚೂರು ಮಾಡಿ, ಒಂದೊಂದಾಗಿ ಅಂಗೈಯಿಂದ ತಿನ್ನಿಸುತ್ತಾರೆ. ಬಾಣ ಮೂವತ್ತು ಗ್ರಾಂ ಕಾಳು ಕಡಿಮೆ ತಿನ್ನುತ್ತಾನೆ.

ಮೊನ್ನೆ ಹೊಸ ಚೀಲ ಬಂತು. ಪ್ರತಿ ಸಲ ಹಳೆಯ ಚೀಲದ ಹಿಂಬದಿಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುವುದು ನನ್ನ ರೂಢಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮುಂಬದಿ ಅದೇ ಬಣ್ಣ, ಅದೇ ಚಿತ್ರ. ಹಿಂಬದಿಯಲ್ಲಿ ಮೂರನೆಯದಾಗಿದ್ದ ಗೋವಿನಜೋಳ ಈಗ ಮೊದಲನೆಯದು, ಕೊಬ್ಬು 14 ಇದ್ದದ್ದು 12. ರಾಣಿ ಗಬ್ಬವಾಗಿದ್ದಾಳೆ, ಇನ್ನು ಐದು ವಾರಕ್ಕೆ ಮರಿ ಹಾಕುತ್ತಾಳೆ. ಹಿಂದಿನ ಸಲ ಆರು ಮರಿಗಳಿಗೆ ಹಾಲೂಡುವಾಗ ಎಂದಿನ ಮೂರರಷ್ಟು ತಿಂದಿದ್ದಳು. ಈ ಚೀಲವನ್ನು ಬಿಚ್ಚಿಲ್ಲ. ಹಳೆಯ ತಯಾರಿಕೆಯವು ಎರಡು ಉಳಿದಿವೆ ಎಂದು ಅಂಗಡಿಯವರು ಹೇಳಿದ್ದಾರೆ, ನಾಳೆ ಬೆಳಿಗ್ಗೆ ಹೋಗಿ ತರುತ್ತೇನೆ. ಅವು ಮುಗಿಯುವುದರೊಳಗೆ ಬಾಣನನ್ನು ಮತ್ತೆ ಏಳು ದಿನ ಪ್ರತ್ಯೇಕ ಕಟ್ಟಬೇಕು, ತಕ್ಕಡಿಗೆ ಹೊಸ ಬ್ಯಾಟರಿ ಹಾಕಿಟ್ಟಿದ್ದೇನೆ.